ಸ್ಯಾಂಕಿ ಕೆರೆಯ ಸುತ್ತ ಎರಡೂವರೆ ಗಂಟೆ: ಒಂದು ಪರಂಪರೆ ನಡಿಗೆಯ ವಿಮರ್ಶೆ

ಮಾರ್ಗದರ್ಶಿ ಮಾಡಿದ ಮೊದಲ ಕೆಲಸವೆಂದರೆ ತನ್ನ ಬಾಟಲಿಯ ನೀರನ್ನು ಡಾಂಬರಿನ ಮೇಲೆ ಸುರಿದದ್ದು. ಬೆಂಗಳೂರಿನ ಸದಾಶಿವನಗರದ ಒಂದು ಏರುಬೀದಿಯಲ್ಲಿ, ಭಾನುವಾರ ಬೆಳಿಗ್ಗೆ ಆರೂವರೆಗೆ, ಇನ್ನೂ ನಿದ್ದೆಗಣ್ಣಿನಲ್ಲಿದ್ದ ನಾವು ಆ ನೀರು ಯಾವ ಕಡೆ ಹೋಗುತ್ತದೆಂದು ಬಗ್ಗಿ ನೋಡುತ್ತ ನಿಂತೆವು. ಅದು ಒಂದು ಕ್ಷಣ ತಡೆದು, ಜಲ್ಲಿಯ ಸಂದಿಯಲ್ಲಿ ದಾರಿ ಹುಡುಕಿ, ರಸ್ತೆಯ ಅಂಚಿನತ್ತ ಹೊರಳಿ, ಅಲ್ಲಿಂದ ಇಳಿಜಾರು ಹಿಡಿಯಿತು. ‘ಇದರ ಹಿಂದೆಯೇ ನಡೆಯೋಣ, ಇದು ಹೋಗುವಲ್ಲಿ ಕೆರೆ ಇದೆ’ ಎಂದ ಆತ. ಈ ನಡಿಗೆಯ ಬಗ್ಗೆ ನನಗಿರುವ ಆಕ್ಷೇಪಗಳನ್ನು ಮುಂದೆ ಹೇಳಲಿದ್ದೇನೆ. ಆದರೆ ಈ ಆರಂಭ ಎಷ್ಟು ಸರಿಯಾಗಿತ್ತೆಂದರೆ, ಕೊಟ್ಟ ಹಣದಲ್ಲಿ ಅರ್ಧ ಆ ಐದು ನಿಮಿಷಕ್ಕೇ ಸಂದಾಯವಾಯಿತೆಂದು ನಾನು ಲೆಕ್ಕ ಹಾಕಿಕೊಂಡೆ.

ಸ್ಯಾಂಕಿ ಕೆರೆಯ ಭೂಗೋಳ ಮತ್ತು ಚರಿತ್ರೆಯನ್ನು ಎರಡೂವರೆ ಗಂಟೆಯಲ್ಲಿ ತೋರಿಸುವುದಾಗಿ ಒಂದು ಸಣ್ಣ ತಂಡ ಪ್ರಕಟಿಸಿತ್ತು. ತಲೆಗೆ 600 ರೂಪಾಯಿ, ಕೊನೆಯಲ್ಲಿ ಉಪಾಹಾರ, ಹದಿನೈದು ಜನರಿಗಷ್ಟೇ ಅವಕಾಶ ಎಂಬ ಮಾತು. ಮಲ್ಲೇಶ್ವರದಲ್ಲಿ ವಾಸವಾಗಿದ್ದು ಆ ಕೆರೆಯ ದಂಡೆಯಲ್ಲಿ ವರ್ಷಗಟ್ಟಲೆ ಬಿಟ್ಟಿಯಾಗಿ ನಡೆದವನು ನಾನು. ಅದೇ ದಾರಿಗೆ ದುಡ್ಡು ಕೊಡುವುದು ಮನೆಯವರಿಗೆ ನಗೆಪಾಟಲಾಗಿ ಕಂಡಿತು. ಆದರೂ ಹೋದದ್ದು, ದಿನವೂ ನೋಡುವ ವಸ್ತುವನ್ನು ಇನ್ನೊಬ್ಬರು ಹೇಗೆ ನೋಡುತ್ತಾರೆಂಬ ಕುತೂಹಲಕ್ಕೆ. ಹದಿನೈದೆಂದು ಹೇಳಿದ್ದ ಗುಂಪಿನಲ್ಲಿ ಇಪ್ಪತ್ತೆಂಟು ಜನರಿದ್ದರು.

ಕೆರೆಯ ಬಾಗಿಲಲ್ಲಿ ಸೇರಿಸದೆ ಮೇಲಿನ ಬೀದಿಯಲ್ಲಿ ಸೇರಿಸಿದ್ದಕ್ಕೆ ಕಾರಣವಿದೆ. ಬೆಂಗಳೂರು ಯಾವ ದೊಡ್ಡ ನದಿಯ ದಡದಲ್ಲೂ ಹುಟ್ಟಿದ ಊರಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ದಿಣ್ಣೆಯೊಂದರ ಬೆನ್ನ ಮೇಲೆ ಕುಳಿತ ಊರು. ಆ ಬೆನ್ನಿನ ಒಂದು ಪಕ್ಕಕ್ಕೆ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ; ಇನ್ನೊಂದು ಪಕ್ಕಕ್ಕೆ ಬಿದ್ದದ್ದು ವೃಷಭಾವತಿಯಾಗಿ, ಅರ್ಕಾವತಿಯಾಗಿ, ಸಂಗಮದಲ್ಲಿ ಕಾವೇರಿಯಾಗುತ್ತದೆ. ಕೆಂಪೇಗೌಡರ ಹೆಸರಿನ ನಾಲ್ಕು ಗೋಪುರಗಳಲ್ಲಿ ಒಂದು ಇಲ್ಲಿಗೆ ಹತ್ತಿರದ ಮೇಖ್ರಿ ವೃತ್ತದ ಬಳಿ ಬಂಡೆಯ ಮೇಲೆ ನಿಂತಿರುವುದು ಆ ಜಾಗದ ಎತ್ತರಕ್ಕೆ ಒಳ್ಳೆಯ ಗುರುತು. ಆ ಎತ್ತರದಿಂದ ವೃಷಭಾವತಿ ಕಣಿವೆಯತ್ತ ಇಳಿಯುವ ನೀರಿನ ಹಾದಿಯ ತಲೆಭಾಗದಲ್ಲಿ ಸ್ಯಾಂಕಿ ಕೆರೆ ಇದೆ. ಇದನ್ನೆಲ್ಲ ಮಾರ್ಗದರ್ಶಿ ಭೂಪಟ ತೋರಿಸದೆ, ನಮ್ಮನ್ನು ಎರಡು ಬೀದಿ ಹತ್ತಿಸಿ, ಮೂರು ಬೀದಿ ಇಳಿಸಿ, ಪ್ರತಿ ತಿರುವಿನಲ್ಲೂ ‘ಈಗ ಇಲ್ಲಿ ಮಳೆ ಬಂದರೆ ನೀರು ಎತ್ತ ಹೋಗುತ್ತದೆ?’ ಎಂದು ಕೇಳಿ ನಮ್ಮ ಬಾಯಿಂದಲೇ ಹೇಳಿಸಿದ. ಮನೆಗಳ ಗೇಟಿನ ಮುಂದಿನ ಮೋರಿಗಳು, ಒಂದು ಬದಿಗೆ ವಾಲಿದ ಕಾಂಪೌಂಡು, ಮೆಟ್ಟಿಲಿಟ್ಟು ಏರಿಸಿದ ಪಾದಚಾರಿ ದಾರಿ ಇವೆಲ್ಲ ಒಂದೊಂದಾಗಿ ಮಾತನಾಡತೊಡಗಿದವು. ಇಷ್ಟು ವರ್ಷ ಆ ಬೀದಿಗಳಲ್ಲಿ ಓಡಾಡಿಯೂ ಅವು ಒಂದು ಬಟ್ಟಲಿನ ಒಳಗೋಡೆ ಎಂಬುದು ನನಗೆ ಕಾಲಿಗೆ ತಿಳಿದಿತ್ತೇ ಹೊರತು ತಲೆಗೆ ತಿಳಿದಿರಲಿಲ್ಲ.

ಕೆರೆಯ ಬಳಿ ಬಂದ ಮೇಲೆ ಪರಿಭಾಷೆಯ ಪಾಠ ನಡೆಯಿತು. ಏರಿ (ಕೆರೆಯ ಕಟ್ಟೆ), ತೂಬು (ನೀರು ಬಿಡುವ ಬಾಗಿಲು), ಕೋಡಿ, ರಾಜಕಾಲುವೆ (ಮಳೆನೀರಿನ ದೊಡ್ಡ ಕಾಲುವೆ), ಅಚ್ಚುಕಟ್ಟು (ಕೆರೆಯ ನೀರುಣ್ಣುವ ಗದ್ದೆಬಯಲು), ನೀರುಗಂಟಿ (ನೀರು ಹಂಚುವವನು) ಎಂಬ ಮಾತುಗಳನ್ನು ಆತ ಒಂದೊಂದಾಗಿ ಬಿಡಿಸಿ ಹೇಳಿದ. ಗುಂಪಿನಲ್ಲಿದ್ದ ಕಿರಿಯರಲ್ಲಿ ಹೆಚ್ಚಿನವರು ಇವನ್ನು ಮೊದಲ ಸಲ ಕೇಳುತ್ತಿದ್ದರು. ‘ಕೋಡಿ ಬಿತ್ತು’ ಎಂಬ ಮಾತನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದ ಹುಡುಗಿಯೊಬ್ಬಳು ಅದು ಕೆರೆ ಒಡೆದದ್ದೆಂದು ಇಲ್ಲಿಯವರೆಗೆ ತಿಳಿದಿದ್ದಳಂತೆ. ಕೆರೆ ಒಡೆಯದಿರಲೆಂದೇ ಕೋಡಿ ಇರುವುದು, ತುಂಬಿದ ಮೇಲೆ ಹೆಚ್ಚಾದ ನೀರು ಅಲ್ಲಿಂದ ಹೊರಬಿದ್ದು ಮುಂದಿನ ಕೆರೆಗೆ ಹೋಗುತ್ತದೆ, ಹಾಗೆ ಕೆರೆಗೆ ಕೆರೆ ಪೋಣಿಸಿಕೊಂಡು ಕಣಿವೆಯುದ್ದಕ್ಕೂ ಒಂದು ಸರಣಿಯಾಗುತ್ತದೆ ಎಂದು ತಿಳಿಸಿದ್ದು ಚೆನ್ನಾಗಿತ್ತು. ಈ ಭಾಗದಲ್ಲಿ ಆತ ಒಮ್ಮೆಯೂ ‘ಸರೋವರ’ ಎನ್ನಲಿಲ್ಲ ಎಂಬುದನ್ನು ಗಮನಿಸಿದೆ. ಕಟ್ಟಿದ್ದು ಕೆರೆ, ತಾನಾಗಿ ಆದದ್ದು ಸರೋವರ. ಈ ಊರಿನ ಫಲಕಗಳು ಮರೆತಿರುವ ಈ ವ್ಯತ್ಯಾಸವನ್ನು ಒಬ್ಬ ಯುವಕ ಉಳಿಸಿಕೊಂಡಿರುವುದು ಸಮಾಧಾನದ ಸಂಗತಿ.

ಆದರೆ ಉತ್ಸಾಹದಲ್ಲಿ ಆತ ಸ್ಯಾಂಕಿ ಕೆರೆಗೂ ಒಂದು ಅಚ್ಚುಕಟ್ಟನ್ನು ಕಲ್ಪಿಸಿ, ಏರಿಯ ಕೆಳಗೆ ಗದ್ದೆಗಳು ಹಸಿರಾಗಿದ್ದ ಚಿತ್ರವನ್ನು ಬಿಡಿಸಿದಾಗ ನನಗೆ ಮುಜುಗರವಾಯಿತು. ಸುತ್ತಲಿನ ಹಳ್ಳಿಗಳ ಹಳೆಯ ಕೆರೆಗಳಿಗೆ ಒಪ್ಪುವ ಮಾತು ಅದು. ಈ ಕೆರೆಯನ್ನು ಕಟ್ಟಿದ್ದು ಊರಿಗೆ ನೀರು ಒದಗಿಸುವುದಕ್ಕೆ. ಇದರ ಅಚ್ಚುಕಟ್ಟೆಂದರೆ ಜನರ ಕೊಡಗಳು. ಒಂದು ಕೆರೆಯ ಚರಿತ್ರೆಯೆಲ್ಲ ಅದನ್ನು ಯಾಕೆ ಕಟ್ಟಿದರು ಎಂಬುದರಲ್ಲಿ ಅಡಗಿರುವಾಗ, ಆ ಒಂದು ಎಳೆ ತಪ್ಪಿದರೆ ಮುಂದಿನದೆಲ್ಲ ಹೆಣಿಗೆ ತಪ್ಪುತ್ತದೆ. ನಡಿಗೆಯ ಎರಡನೇ ಗಂಟೆಯಲ್ಲಿ ಆದದ್ದೂ ಅದೇ.

ತಪ್ಪುಗಳಲ್ಲಿ ದೊಡ್ಡದನ್ನು ಮೊದಲು ಹೇಳಿಬಿಡುತ್ತೇನೆ. ‘ಕೆಂಪೇಗೌಡರು ಕಟ್ಟಿಸಿದ ಕೆರೆಯನ್ನು ಬ್ರಿಟಿಷರು ದುರಸ್ತಿ ಮಾಡಿ ತಮ್ಮ ಹೆಸರಿಟ್ಟುಕೊಂಡರು’ ಎಂದು ಮಾರ್ಗದರ್ಶಿ ಹೇಳಿದ್ದಲ್ಲದೆ, ನಮಗೆ ಹಂಚಿದ ಎರಡು ಪುಟದ ಕರಪತ್ರದಲ್ಲೂ ಅದು ಅಚ್ಚಾಗಿತ್ತು. 1537ರಲ್ಲಿ ಬೆಂಗಳೂರು ಪೇಟೆಗೆ ಅಡಿಪಾಯ ಹಾಕಿದ ಕೆಂಪೇಗೌಡರ ಲೆಕ್ಕಕ್ಕೆ ಧರ್ಮಾಂಬುಧಿ, ಕೆಂಪಾಂಬುಧಿಯಂಥ ಕೆರೆಗಳು ಸಲ್ಲುತ್ತವೆ. ಅವರ ಹಿರಿಮೆಗೆ ಇನ್ನೊಂದನ್ನು ಸಾಲ ತಂದು ಸೇರಿಸುವ ಅಗತ್ಯವಿಲ್ಲ. ಸ್ಯಾಂಕಿ ಕೆರೆ 1882ರದು. ಅದಕ್ಕೆ ಹೆಸರು ಕೊಟ್ಟ ರಿಚರ್ಡ್ ಹೈರಾಮ್ ಸ್ಯಾಂಕಿ ಮದ್ರಾಸ್ ಸೇನೆಯ ಇಂಜಿನಿಯರ್, 1860ರ ದಶಕದಿಂದ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರ್ ಆಗಿದ್ದವನು. 1868ರಲ್ಲಿ ಮುಗಿದ ಅಠಾರಾ ಕಚೇರಿಯ, ಅಂದರೆ ಇಂದಿನ ಹೈಕೋರ್ಟಿನ, ಕೆಂಪು ಕಟ್ಟಡ, 1870ರಲ್ಲಿ ರೂಪುಗೊಂಡ ಕಬ್ಬನ್ ಪಾರ್ಕ್, ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯ ಇವುಗಳ ಹಿಂದೆಯೂ ಅವನ ಕೈಯಿದೆ. ಬೆಂಗಳೂರಿನ ನಡುಭಾಗ ಇಂದಿಗೂ ಕಣ್ಣಿಗೆ ಕಾಣುವ ರೀತಿಯಲ್ಲಿ ಕಾಣುವುದಕ್ಕೆ ಒಬ್ಬ ವ್ಯಕ್ತಿಯನ್ನು ಹೊಣೆ ಮಾಡಬೇಕೆಂದರೆ ನಾನು ಅವನನ್ನೇ ಮಾಡುತ್ತೇನೆ. ಆತನ ಬಗ್ಗೆ ಈ ನಡಿಗೆಯಲ್ಲಿ ಬಂದದ್ದು ‘ಒಬ್ಬ ಬ್ರಿಟಿಷ್ ಅಧಿಕಾರಿ’ ಎಂಬ ಎರಡೂವರೆ ಪದ.

ಈ ಅಸಡ್ಡೆ ನನಗೆ ಬೇಸರ ತಂದದ್ದು ಅಭಿಮಾನದಿಂದಲ್ಲ. ಸ್ಯಾಂಕಿಯ ಕಥೆಯಲ್ಲಿ ಒಂದು ಸೊಗಸಾದ ವಿಪರ್ಯಾಸವಿದೆ, ಅದನ್ನು ಇಪ್ಪತ್ತೆಂಟು ಜನರ ಮುಂದೆ ಹೇಳುವ ಅವಕಾಶ ಕೈತಪ್ಪಿತಲ್ಲ ಎಂದು. ಮೈಸೂರು ಸೀಮೆಯ ಕೆರೆಗಳನ್ನು ಕೂಲಂಕಷವಾಗಿ ನೋಡಿದ ಅವನು, ನೀರು ಹಿಡಿದಿಡುವ ಕಲೆಯನ್ನು ಇಲ್ಲಿಯವರು ಎಷ್ಟರಮಟ್ಟಿಗೆ ನಡೆಸಿದ್ದಾರೆಂದರೆ, ಇಷ್ಟು ದೊಡ್ಡ ಪ್ರದೇಶದಲ್ಲಿ ಹೊಸದೊಂದು ಕೆರೆಗೆ ತಕ್ಕ ಜಾಗ ಹುಡುಕಬೇಕಾದರೆ ಸಾಕಷ್ಟು ಜಾಣ್ಮೆ ಬೇಕಾದೀತು ಎಂಬ ಅರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಇನ್ನೊಂದು ಕೆರೆಗೆ ಜಾಗವೇ ಇಲ್ಲವೆಂಬಂತೆ ಬರೆದವನ ಹೆಸರಿನಲ್ಲೇ ಹೊಸ ಕೆರೆಯೊಂದು ಉಳಿದಿದೆ. ನಮ್ಮ ಹಿಂದಿನವರ ಕೆರೆ ಕಟ್ಟುವ ಜಾಣತನಕ್ಕೆ ಪರಕೀಯನೊಬ್ಬ ಕೊಟ್ಟ ಈ ಪ್ರಮಾಣಪತ್ರ, ಕೆಂಪೇಗೌಡರ ಹೆಸರಿನಲ್ಲಿ ಕಟ್ಟಿದ ಸುಳ್ಳಿಗಿಂತ ಹೆಚ್ಚು ಗೌರವದ್ದು.

1882 ಎಂಬ ಇಸವಿಯೂ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಕೆಲವೇ ವರ್ಷ ಹಿಂದೆ, 1876ರಿಂದ 78ರವರೆಗೆ, ಜನರ ಬಾಯಲ್ಲಿ ಧಾತು ಸಂವತ್ಸರದ ಬರವೆಂದೇ ಉಳಿದಿರುವ ಮಹಾಕ್ಷಾಮ ಮೈಸೂರನ್ನು ಬರಿದು ಮಾಡಿತ್ತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದೇ 1881ರಲ್ಲಿ ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರ್ ಆಡಳಿತ ಮುಗಿದು ರಾಜ್ಯ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಊರಿಗೆ ಮತ್ತೆ ಅಂಥ ನೀರಿನ ಬರಗಾಲ ಬಂದರೆ ಕೈಗೆ ಸಿಗಲೆಂದು ಕಟ್ಟಿದ ಮುಂಜಾಗ್ರತೆಯ ಕೆರೆ ಇದು. ಮಿಲ್ಲರ್ ಕೆರೆ ಮತ್ತು ಧರ್ಮಾಂಬುಧಿಗಳ ಜೊತೆ ಇದನ್ನು ಜೋಡಿಸಿದ್ದರು. 37 ಎಕರೆಯಷ್ಟು, ಅಂದರೆ ಸುಮಾರು 15 ಹೆಕ್ಟೇರ್ ಹರವಿನ ಈ ನೀರಿನ ಹಾಳೆಯ ಮುಂದೆ ನಿಂತು ಕ್ಷಾಮದ ಮಾತೆತ್ತದೆ ಚರಿತ್ರೆ ಹೇಳುವುದೆಂದರೆ, ಕೋಟೆಯ ಮುಂದೆ ನಿಂತು ಶತ್ರುವಿನ ಹೆಸರನ್ನೇ ಎತ್ತದಂತೆ. ಮಾರ್ಗದರ್ಶಿ ಕ್ಷಾಮದ ಮಾತೆತ್ತಲಿಲ್ಲ. ನಾನು ಕೇಳಿದಾಗ ‘ಹೌದು ಸರ್, ಅದೂ ಇತ್ತು’ ಎಂದು ಮುಂದೆ ಸಾಗಿದ.

ಇಲ್ಲಿಂದ ಮುಂದೆ ನಡಿಗೆ ಮತ್ತೆ ಚೇತರಿಸಿಕೊಂಡದ್ದು ಗಂಧದ ಪ್ರಸಂಗದಲ್ಲಿ. ಈ ಕೆರೆಗೆ ಜನ ಇಟ್ಟ ಹೆಸರು ಗಂಧದಕೋಟಿ ಕೆರೆ. ಸರ್ಕಾರದ ಶ್ರೀಗಂಧದ ಕೋಠಿ, ಅಂದರೆ ಕಾಡಿನಿಂದ ತಂದ ಗಂಧದ ಕೊರಡುಗಳನ್ನು ಕೂಡಿಡುವ ಉಗ್ರಾಣ, ಪಕ್ಕದಲ್ಲೇ ಇದ್ದುದರಿಂದ ಬಂದ ಹೆಸರು. ಅರಣ್ಯ ಇಲಾಖೆಯ ಪ್ರಧಾನ ಕಚೇರಿಯಾದ ಅರಣ್ಯ ಭವನ ಇಂದಿಗೂ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲೇ ಇರುವುದು ಆ ನಂಟಿನ ಮುಂದುವರಿಕೆ. ಟಿಪ್ಪು ಸುಲ್ತಾನ 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ್ದು, ಅಂದಿನಿಂದ ಸ್ವಂತ ಹಿತ್ತಲಿನಲ್ಲಿ ಬೆಳೆದರೂ ಮರ ಸರ್ಕಾರದ್ದೆಂಬ ನಿಯಮ ನಡೆದುಬಂದದ್ದು, 2001ರ ಕಾನೂನು ತಿದ್ದುಪಡಿಯ ಮೇಲಷ್ಟೇ ಮರದ ಒಡೆತನ ಬೆಳೆದವರಿಗೆ ಬಂದದ್ದು ಇವನ್ನು ಆತ ಅಡೆತಡೆಯಿಲ್ಲದೆ ಹೇಳಿದ. ಬಳಿಕ ಒಂದು ಎಳೆಯ ಗಂಧದ ಗಿಡದ ಬಳಿ ಮಂಡಿಯೂರಿ ಕುಳಿತು, ಅದರ ಬುಡದಲ್ಲಿ ಒತ್ತಾಗಿ ಬೆಳೆದಿದ್ದ ಬೇರೊಂದು ಗಿಡವನ್ನು ತೋರಿಸಿ, ‘ಇದನ್ನು ಕಳೆ ಎಂದು ಕಿತ್ತರೆ ಗಂಧ ಸೊರಗುತ್ತದೆ’ ಎಂದ. ಶ್ರೀಗಂಧ ಅರೆಪರಾವಲಂಬಿ, ತನ್ನ ಬೇರುಗಳನ್ನು ನೆರೆಯ ಗಿಡದ ಬೇರಿಗೆ ಅಂಟಿಸಿ ನೀರನ್ನೂ ಲವಣವನ್ನೂ ಹೀರಿಕೊಳ್ಳುತ್ತದೆ. ಮೈಕಿಗೆ ಗಂಟಲು ಹರಿದುಕೊಳ್ಳದೆ, ನೆಲದ ಮಟ್ಟದಲ್ಲಿ ಕುಳಿತು ಹೇಳಿದ ಆ ಐದಾರು ಮಾತುಗಳಿಗೆ ಎಲ್ಲರೂ ಸುತ್ತುವರಿದು ಬಗ್ಗಿ ನಿಂತಿದ್ದರು. ಆ ಯುವಕ ಕಣ್ಣಿಗೆ ಕಾಣುವುದನ್ನು ಹೇಳುವಾಗ ಬಹಳ ಒಳ್ಳೆಯ ಗುರು. ಕಾಗದದಲ್ಲಿರುವುದನ್ನು ಹೇಳುವಾಗ ಮಾತ್ರ ಕೇಳಿದ ಮಾತನ್ನೇ ದಾಟಿಸಿಬಿಡುತ್ತಾನೆ.

ಮೈಕಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಸೊಂಟಕ್ಕೆ ಕಟ್ಟಿದ ಧ್ವನಿವರ್ಧಕ ಅನಿವಾರ್ಯವಾದದ್ದು ಗುಂಪು ದುಪ್ಪಟ್ಟಾದದ್ದರಿಂದ. ಬೆಳಗಿನ ಹೊತ್ತು ಮೌನವಾಗಿ ನಡೆಯಲು ಬಂದವರು ನಮ್ಮನ್ನು ನೋಡಿದ ನೋಟದಲ್ಲಿ ನ್ಯಾಯವಿತ್ತು. ನೀರಿನ ಅಂಚಿನಲ್ಲಿದ್ದ ನಾಮದ ಕೋಳಿಗಳು ನಮ್ಮ ಕಡೆಯಿಂದ ನಿಧಾನವಾಗಿ ದೂರ ಈಜಿದವು. ಒಣಗಿದ ಕೊಂಬೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸುತ್ತ ಕುಳಿತಿದ್ದ ನೀರುಕಾಗೆ ಮಾತ್ರ ಕದಲಲಿಲ್ಲ. ಪಕ್ಷಿಗಳ ಬಗ್ಗೆ ಪ್ರಕಟಣೆಯಲ್ಲಿ ಮಾತು ಕೊಟ್ಟಿರಲಿಲ್ಲವಾದ್ದರಿಂದ ಅದರ ಕೊರತೆಯನ್ನು ದೂರಲಾರೆ.

ನನಗೆ ನಿಜವಾಗಿ ನಷ್ಟವೆನಿಸಿದ್ದು ಕೊನೆಯ ಅರ್ಧ ಗಂಟೆ. ಒಂದು ಕೆರೆ ಕಟ್ಟಿದ ಹನ್ನೆರಡೇ ವರ್ಷಕ್ಕೆ ತನ್ನ ಕೆಲಸವನ್ನು ಹೇಗೆ ಕಳೆದುಕೊಂಡಿತು ಎಂಬುದು ಸ್ಯಾಂಕಿಯ ಚರಿತ್ರೆಯ ಎರಡನೇ ಅಂಕ, ಬಹುಶಃ ಮೊದಲನೆಯದಕ್ಕಿಂತ ಮುಖ್ಯವಾದದ್ದು. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟದ ಜಲಾಶಯ ಸಿದ್ಧವಾಯಿತು. ಅಲ್ಲಿಯ ನೀರನ್ನು ಸೋಲದೇವನಹಳ್ಳಿಯಿಂದ ಪಂಪು ಮಾಡಿ ಮಲ್ಲೇಶ್ವರದ ಕಡೆ ತಂದು, ಸೋಸಿ, ಕೊಳವೆಗಳಲ್ಲಿ ಊರಿಗೆ ಹಂಚತೊಡಗಿದರು. ಜನ ಇಂದಿಗೂ ಜ್ಯುವೆಲ್ ಫಿಲ್ಟರ್ ಎಂದು ಕರೆಯುವ ನೀರು ಸೋಸುವ ಠಾಣೆ ಕೆರೆಗೆ ದೂರದ್ದಲ್ಲ. ನೆರೆಯ ಕೆರೆಯ ನೀರಿಗಿಂತ ದೂರದ ನದಿಯ ನೀರು ಹತ್ತಿರವಾದದ್ದು ಅಂದಿನಿಂದ. 1898ರಲ್ಲಿ ಪ್ಲೇಗು ಪೇಟೆಯನ್ನು ಹೊಕ್ಕಾಗ ಬಿಡುಬೀಸಾದ ಬಡಾವಣೆಗಳು ಬೇಕಾಗಿ ಬಸವನಗುಡಿ ಮತ್ತು ಮಲ್ಲೇಶ್ವರ ತಲೆಯೆತ್ತಿದವು. ಊರಾಚೆಯ ಕೆರೆ ಊರಿನ ನೆರೆಯದಾಯಿತು. 1933ಕ್ಕೆ ತಿಪ್ಪಗೊಂಡನಹಳ್ಳಿ ಜಲಾಶಯದ ನೀರು ಬಂತು, 1974ಕ್ಕೆ ಕಾವೇರಿಯದು. ನಲ್ಲಿ ದೂರಕ್ಕೆ ಕೈಚಾಚಿದಷ್ಟೂ ಊರಿನ ಕೆರೆಗಳು ನೀರಿನ ಲೆಕ್ಕದಿಂದ ಹೊರಬಿದ್ದು ಜಾಗದ ಲೆಕ್ಕಕ್ಕೆ ಬಂದವು. ಧರ್ಮಾಂಬುಧಿಯ ಅಂಗಳದಲ್ಲಿ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣವಿದೆ. ಸ್ಯಾಂಕಿಯ ಜೊತೆಗಾರನಾಗಿದ್ದ ಮಿಲ್ಲರ್ ಕೆರೆ ಹೆಸರಿನಲ್ಲಿ ಮಾತ್ರ ಒಂದು ರಸ್ತೆಯ ಫಲಕದಲ್ಲಿದೆ. ಜೊತೆಯ ಕೆರೆಗಳು ಹೋಗಿ ಇದೊಂದು ಹೇಗೆ ಉಳಿಯಿತು ಎಂಬ ಪ್ರಶ್ನೆಯನ್ನು ಏರಿಯ ಮೇಲೆ ನಿಂತವರು ಯಾರಾದರೂ ಕೇಳಲೇಬೇಕು.

ಕೇಳುವ ಹೊತ್ತಿಗೆ ಇಡ್ಲಿ ಬಂದಿತ್ತು. ಉಪಾಹಾರಕ್ಕೆ ಮೀಸಲಿಟ್ಟದ್ದು ಹದಿನೈದು ನಿಮಿಷ, ಹಿಡಿದದ್ದು ನಲವತ್ತು. ಇಡ್ಲಿ ಚೆನ್ನಾಗಿಯೇ ಇತ್ತು, ಚಟ್ನಿ ಇನ್ನೂ ಚೆನ್ನಾಗಿತ್ತು. ಆದರೆ ಮಲ್ಲೇಶ್ವರದಲ್ಲಿ ಇಡ್ಲಿ ತಿನ್ನಲು ಮಾರ್ಗದರ್ಶಿ ಬೇಕಿಲ್ಲ. ಆ ನಲವತ್ತು ನಿಮಿಷಕ್ಕಾಗಿ ಹೆಸರಘಟ್ಟದಿಂದ ಕಾವೇರಿಯವರೆಗಿನ ಎಂಬತ್ತು ವರ್ಷಗಳನ್ನು ಮೂರು ವಾಕ್ಯಗಳಲ್ಲಿ ಮುಗಿಸಲಾಯಿತು. ಕಾಡು ಮಲ್ಲೇಶ್ವರ ದೇವಾಲಯ ಮತ್ತು ಅಲ್ಲಿಯ 1669ರ, ಶಿವಾಜಿಯ ಮಲಸಹೋದರ ಏಕೋಜಿಯ ಶಾಸನ ಪ್ರಕಟಣೆಯಲ್ಲಿದ್ದರೂ ‘ಮುಂದಿನ ನಡಿಗೆಗೆ’ ಎಂದು ಮುಂದೂಡಲ್ಪಟ್ಟವು. ಆ ನಡಿಗೆಗೆ ಬೇರೆ ಶುಲ್ಕವಿದೆ.

ಕೆರೆಯ ಇಂದಿನ ಸ್ಥಿತಿಯ ಬಗ್ಗೆ ಮಾತು ಅಳತೆಯಲ್ಲಿತ್ತು, ಅದು ಮೆಚ್ಚಬೇಕಾದದ್ದು. ಸುಮಾರು ಒಂದೂಮುಕ್ಕಾಲು ಕಿಲೋಮೀಟರ್ ದಂಡೆಗೆ ಕಲ್ಲು ಕಟ್ಟಿ ನಡಿಗೆಯ ದಾರಿ ಮಾಡಿರುವುದು, ಗಣೇಶ ವಿಸರ್ಜನೆಗೆ ಬೇರೆಯೇ ಕಲ್ಯಾಣಿ ಇರುವುದರಿಂದ ಮೂರ್ತಿಗಳ ಮಣ್ಣು ಬಣ್ಣ ಕೆರೆಯ ಒಡಲಿಗೆ ಬೀಳದಿರುವುದು, ಏರಿಯ ಮೇಲಿನ ರಸ್ತೆಯನ್ನು ಅಗಲಿಸುವ ಪ್ರಸ್ತಾವ ಬಂದಾಗ ಮರಗಳ ಪರವಾಗಿ ಸುತ್ತಲಿನವರು ಬೀದಿಗಿಳಿದದ್ದು ಇವನ್ನು ಯಾರನ್ನೂ ಹೊಗಳದೆ, ಯಾರನ್ನೂ ತೆಗಳದೆ ಹೇಳಿದ. ಕಲ್ಲು ಕಟ್ಟಿದ ದಂಡೆ ನಡೆಯುವವರಿಗೆ ಸುಖ, ಕೆಸರಿನ ಇಳಿಜಾರು ಬೇಕಾದ ಹಕ್ಕಿಗಳಿಗೆ ಅಲ್ಲ ಎಂಬ ಒಂದು ಮಾತನ್ನೂ ಸೇರಿಸಿದ.

ಹಾಗಾದರೆ ಈ ನಡಿಗೆಗೆ ಹೋಗಬಹುದೇ ಎಂದು ಕೇಳಿದವರಿಗೆ ನಾನು ಹೇಳುವುದಿಷ್ಟು. ಮಕ್ಕಳಿದ್ದರೆ ಖಂಡಿತ ಕರೆದೊಯ್ಯಿರಿ. ಬೀದಿಯ ಮೇಲೆ ನೀರು ಸುರಿದು ಇಡೀ ಊರಿನ ಇಳಿಜಾರನ್ನು ಓದಿಸುವ ಪಾಠ ಶಾಲೆಯಲ್ಲಿ ಸಿಗುವುದಿಲ್ಲ. ಚರಿತ್ರೆಗಾಗಿಯೇ ಹೋಗುವವರು ಕರಪತ್ರವನ್ನು ಮಡಿಸಿ ಜೇಬಿಗಿಟ್ಟು, ಇಸವಿಗಳನ್ನು ಮನೆಯಲ್ಲೇ ಸರಿಪಡಿಸಿಕೊಳ್ಳುವುದು ಕ್ಷೇಮ. ಗುಂಪನ್ನು ಮಾತು ಕೊಟ್ಟಂತೆ ಹದಿನೈದಕ್ಕೆ ನಿಲ್ಲಿಸಿ, ಉಪಾಹಾರವನ್ನು ಕೈಬಿಟ್ಟು, 1882ರ ಕಥೆಯನ್ನು ನೆಟ್ಟಗೆ ಹೇಳಿದರೆ 600 ಅಲ್ಲ, 800 ಕೇಳಿದರೂ ಕೊಡಬಹುದು. ಈ ಮೂರನ್ನೂ ಬರೆದು ಕಳಿಸಿದ್ದೇನೆ. ಕರಪತ್ರ ತಿದ್ದುವುದಾಗಿ ವಿನಯದ ಉತ್ತರ ಬಂದಿದೆ, ಗುಂಪಿನ ಗಾತ್ರದ ಬಗ್ಗೆ ಏನೂ ಬಂದಿಲ್ಲ.

ಒಂದು ಕೊರತೆ ಮಾತ್ರ ಅವರಿಗೂ ಹೊಳೆದಿರಲಾರದು. ಮೇಲಿನ ಬೀದಿಯಿಂದ ನೀರಿನ ಹಿಂದೆ ಕೆರೆಯವರೆಗೆ ಬಂದ ನಡಿಗೆ, ಕೆರೆಯಿಂದ ಹೊರಟ ನೀರಿನ ಹಿಂದೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಎಲ್ಲರೂ ಚದುರಿದ ಮೇಲೆ ನಾನು ಏರಿಯನ್ನಿಳಿದು ಕೆಳಗಿನ ತಗ್ಗಿನ ಬೀದಿಗೆ ಹೋದೆ. ಅಲ್ಲಿ ಚರಂಡಿಗೆ ಚಪ್ಪಡಿ ಮುಚ್ಚಿದ್ದರು. ಅದರ ಮೇಲೆ ಎರಡು ಸ್ಕೂಟರು ನಿಂತಿದ್ದವು. ಚಪ್ಪಡಿಯೊಂದರ ಮೂಲೆ ಮುರಿದಿದ್ದಲ್ಲಿ ಕಿವಿಯಿಟ್ಟರೆ ಕೆಳಗೆ ತೆಳ್ಳಗೆ ಹರಿಯುವ ಸದ್ದು ಕೇಳುತ್ತಿತ್ತು. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಆ ಸಂದಿಯಲ್ಲಿ ಸುರಿದು ಮನೆಗೆ ಬಂದೆ.